ಸಣ್ಣ ಗಂಟು, ಹಲವು ಆಟ: ಕ್ರೀಡಾನಿಧಿ ಹಂಚಿಕೆಯ ಇತಿಹಾಸದಿಂದ ಕೆಲವು ಪಾಠಗಳು



ಕಾಲೇಜಿಗೆ ಪ್ರವೇಶ ಪಡೆಯುವಾಗ ನೀವು ಕಟ್ಟುವ ಶುಲ್ಕದ ರಸೀತಿಯನ್ನು ಒಮ್ಮೆ ಬಿಡಿಸಿ ನೋಡಿ. ಬೋಧನಾ ಶುಲ್ಕ, ಗ್ರಂಥಾಲಯ ಶುಲ್ಕ, ಪ್ರಯೋಗಾಲಯ ಶುಲ್ಕಗಳ ನಡುವೆ ಕ್ರೀಡಾ ಶುಲ್ಕ ಎಂಬ ಒಂದು ಸಾಲು ಇರುತ್ತದೆ. ಮೊತ್ತ ದೊಡ್ಡದಲ್ಲ. ಅದರಲ್ಲಿ ಒಂದು ಪಾಲು ನಿಮ್ಮ ಕಾಲೇಜಿನಲ್ಲೇ ಉಳಿಯುತ್ತದೆ, ಇನ್ನೊಂದು ಪಾಲು ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ಆಟದ ಮೈದಾನಕ್ಕೆ ಎಂದೂ ಕಾಲಿಡದ ವಿದ್ಯಾರ್ಥಿಯೂ ಅದನ್ನು ಕಟ್ಟುತ್ತಾನೆ. ದಿನವೂ ಬೆಳಗಿನ ಜಾವ ಎದ್ದು ಓಡುವ ವಿದ್ಯಾರ್ಥಿನಿಯೂ ಅಷ್ಟೇ ಕಟ್ಟುತ್ತಾಳೆ. ಹೀಗೆ ಕೂಡಿದ ಹಣಕ್ಕೆ ಸರ್ಕಾರದ ಅನುದಾನ ಒಂದಿಷ್ಟು ಸೇರಿ ವಿಶ್ವವಿದ್ಯಾಲಯದ ಕ್ರೀಡಾನಿಧಿಯಾಗುತ್ತದೆ. ಈ ನಿಧಿಯನ್ನು ಕಬಡ್ಡಿಗೆ ಎಷ್ಟು, ಕ್ರಿಕೆಟ್ಟಿಗೆ ಎಷ್ಟು, ಓಟಕ್ಕೆ ಎಷ್ಟು, ಹುಡುಗರಿಗೆ ಎಷ್ಟು, ಹುಡುಗಿಯರಿಗೆ ಎಷ್ಟು ಎಂದು ಹಂಚಬೇಕು? ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಈ ಪ್ರಶ್ನೆ ಅಷ್ಟಾಗಿ ಕಾಡುವುದಿಲ್ಲ. ಗಂಟು ಸಣ್ಣದಿರುವಲ್ಲಿ ಮಾತ್ರ ಇದು ನಿಜವಾದ ಪ್ರಶ್ನೆ.

ಈ ಪ್ರಶ್ನೆಯನ್ನು ನಾವು ಇಂದು ಒಂದು ಊರಿನಿಂದ ನೋಡೋಣ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ ತಾಲ್ಲೂಕಿನಲ್ಲಿ, ಶಿರಸಿಗೆ ಹೋಗುವ ದಾರಿಯಲ್ಲಿ ಮಂಚಿಕೇರಿ ಇದೆ. ಸುತ್ತ ಅಡಕೆ ತೋಟ, ಕಾಡು, ಹತ್ತಿರದಲ್ಲೇ ಬೇಡ್ತಿ ಹೊಳೆ. ಇಲ್ಲಿಯ ಕಾಲೇಜು ವಿದ್ಯಾರ್ಥಿಗೆ ಎರಡು ದಿಕ್ಕು: ಒಂದು ಕಡೆ ಯಲ್ಲಾಪುರ, ಇನ್ನೊಂದು ಕಡೆ ಶಿರಸಿ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲ್ಲೂಕುಗಳ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಿಡದ ಮಳೆ. ಮಣ್ಣಿನ ಮೈದಾನ ಕೆಸರಾಗಿರುತ್ತದೆ. ಸಂಜೆ ತರಗತಿ ಮುಗಿದ ಮೇಲೆ ಅಭ್ಯಾಸಕ್ಕೆ ನಿಂತರೆ ಊರಿನ ಬಸ್ಸು ತಪ್ಪುತ್ತದೆ. ಹೀಗಾಗಿ ಇಲ್ಲಿಯ ಹುಡುಗಿಯೊಬ್ಬಳು ಓಟಗಾರ್ತಿಯಾಗಬೇಕಾದರೆ ಅವಳಿಗೆ ಮೊದಲು ಬೇಕಾದದ್ದು ಬೆಲೆಬಾಳುವ ಬೂಟುಗಳಲ್ಲ. ಅಭ್ಯಾಸ ಮುಗಿಸಿ ಮನೆ ಸೇರುವ ಒಂದು ದಾರಿ. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡು ನಾವು ಇತಿಹಾಸಕ್ಕೆ ಹೋಗೋಣ.

ಮೊದಲ ಹಂಚಿಕೆಗಳು

ನಮ್ಮ ದೇಶದಲ್ಲಿ ಆಧುನಿಕ ಕ್ರೀಡೆಗೆ ಹಣ ಒದಗಿಸಿದವರು ಆರಂಭದಲ್ಲಿ ಸರ್ಕಾರವೂ ಅಲ್ಲ, ವಿಶ್ವವಿದ್ಯಾಲಯಗಳೂ ಅಲ್ಲ. ಉಳ್ಳವರ ಔದಾರ್ಯವೇ ಆಗ ಆಧಾರವಾಗಿತ್ತು. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಅಧ್ಯಕ್ಷರಾಗಿದ್ದ ಉದ್ಯಮಿ ದೊರಾಬ್ಜಿ ಟಾಟಾ ಅವರು ಹಳ್ಳಿಗಾಡಿನ ಯುವಕರು ಬರಿಗಾಲಿನಲ್ಲಿ ದೂರದ ಓಟ ಓಡುವುದನ್ನು ಕಂಡರು. ಇವರಿಗೆ ಅವಕಾಶ ಕೊಟ್ಟರೆ ಜಗತ್ತಿನ ಓಟಗಾರರ ಜೊತೆ ನಿಲ್ಲಬಲ್ಲರು ಎಂದು ಅವರಿಗೆ ಅನಿಸಿತು. ಮರುವರ್ಷ, 1920ರಲ್ಲಿ, ಬೆಲ್ಜಿಯಮ್ಮಿನ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಒಂದು ಚಿಕ್ಕ ತಂಡ ಹೋಯಿತು; ಖರ್ಚಿನ ಬಹುಭಾಗವನ್ನು ಟಾಟಾ ಅವರೇ ಹೊತ್ತರು. ಆ ತಂಡದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಮ್ಯಾರಥಾನ್ ಓಟದಲ್ಲಿ ಅವರು 19ನೆಯವರಾಗಿ ಗುರಿ ಮುಟ್ಟಿದರು. ಮೊದಲ ಯತ್ನಕ್ಕೆ ಇದು ಸಾಮಾನ್ಯ ಸಾಧನೆಯಲ್ಲ.

ಇಲ್ಲಿ ಗಮನಿಸಬೇಕಾದದ್ದು ಹಂಚಿಕೆಯ ರೀತಿ. ಕೈಯಲ್ಲಿದ್ದ ಹಣದಿಂದ ಕೆಲವರನ್ನು ಆರಿಸಿ ದೂರ ಕಳಿಸಿದರು. ಇದೇ ಕಾಲಕ್ಕೆ, ಅಂದರೆ 1920ರಲ್ಲಿ, ಮದರಾಸಿನಲ್ಲಿ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕನ್ ಶಿಕ್ಷಕರು ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ಆರಂಭಿಸಿದರು. ಬಕ್ ಅವರ ದಾರಿ ಬೇರೆ. ಅವರು ಓಟಗಾರರನ್ನು ಹುಡುಕುವ ಮೊದಲು ಓಟ ಕಲಿಸುವವರನ್ನು ತಯಾರು ಮಾಡಲು ಹೊರಟರು. ಒಬ್ಬ ಓಟಗಾರನಿಗೆ ಕೊಟ್ಟ ಹಣ ಅವನ ಕಾಲಿನಲ್ಲಿ ಬಲವಿರುವಷ್ಟು ದಿನ ಫಲ ಕೊಡುತ್ತದೆ. ಒಬ್ಬ ಶಿಕ್ಷಕನಿಗೆ ಕೊಟ್ಟ ಹಣ ಅವನು ನಿವೃತ್ತನಾಗುವವರೆಗೆ ಹತ್ತಾರು ತಂಡಗಳಲ್ಲಿ ಫಲಿಸುತ್ತದೆ. ಈ ಎರಡು ದಾರಿಗಳ ನಡುವಿನ ಆಯ್ಕೆ ಇಂದಿಗೂ ಪ್ರತಿಯೊಂದು ವಿಶ್ವವಿದ್ಯಾಲಯದ ಮುಂದೆ ಇದೆ.

ವಿಶ್ವವಿದ್ಯಾಲಯಗಳ ಕಣ

ವಿಶ್ವವಿದ್ಯಾಲಯಗಳ ನಡುವಿನ ಪಂದ್ಯಗಳಲ್ಲಿ ಮೊದಲು ಗಟ್ಟಿಯಾಗಿ ಬೇರೂರಿದವುಗಳಲ್ಲಿ ಕ್ರಿಕೆಟ್ ಒಂದು. 1935ರಲ್ಲಿ ರೋಹಿಂಟನ್ ಬಾರಿಯಾ ಟ್ರೋಫಿ ಆರಂಭವಾಯಿತು. 1940ರ ದಶಕದ ಆರಂಭದಿಂದ ಅಂತರ ವಿಶ್ವವಿದ್ಯಾಲಯ ಕ್ರೀಡಾ ಮಂಡಳಿ ಇತರ ಆಟಗಳನ್ನೂ ವ್ಯವಸ್ಥೆಗೆ ತಂದಿತು. 1949ರ ಕಾಯಿದೆಯಿಂದ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯವು ಅಂದಿನ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಿಗಾಗಿ ರೂಪುಗೊಂಡದ್ದು. 1862ರಿಂದ ಮುಂಬಯಿ ಆಡಳಿತದಲ್ಲಿದ್ದ ಉತ್ತರ ಕನ್ನಡವೂ ಅದರಲ್ಲಿ ಸೇರಿತು. ಅಲ್ಲಿಂದ ಮುಂದೆ ಶಿರಸಿಯ ವಿದ್ಯಾರ್ಥಿ ಅಂತರ ಕಾಲೇಜು ಪಂದ್ಯದಲ್ಲಿ ಗೆದ್ದು, ಧಾರವಾಡದ ಆಯ್ಕೆಯಲ್ಲಿ ಉತ್ತೀರ್ಣನಾಗಿ, ವಿಶ್ವವಿದ್ಯಾಲಯದ ಬಣ್ಣ ತೊಟ್ಟು ಬೇರೆ ರಾಜ್ಯಕ್ಕೆ ಹೋಗುವ ದಾರಿ ತೆರೆಯಿತು. 'ಯೂನಿವರ್ಸಿಟಿ ಬ್ಲೂ' ಎಂಬ ಮಾತಿಗೆ ನಮ್ಮ ಕಾಲೇಜುಗಳಲ್ಲಿ ಇಂದಿಗೂ ಗೌರವವಿದೆ.

1956-57ರಲ್ಲಿ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿಯನ್ನು ಸ್ಥಾಪಿಸಲಾಯಿತು. ಎಲ್ಲ ಕ್ರೀಡೆಗಳ ಸಾಧನೆಯನ್ನೂ ಕೂಡಿಸಿ ನೋಡಿ ಶ್ರೇಷ್ಠ ವಿಶ್ವವಿದ್ಯಾಲಯಕ್ಕೆ ಕೊಡುವ ಪಾರಿತೋಷಕ ಇದು. ಉದ್ದೇಶ ಒಳ್ಳೆಯದು. ಆದರೆ ಕೂಡಿಸಿ ನೋಡುವ ಲೆಕ್ಕಕ್ಕೆ ತನ್ನದೇ ಸೆಳೆತವಿದೆ. ಹೆಚ್ಚು ಆಟಗಳಲ್ಲಿ ತಂಡ ಇಳಿಸಬಲ್ಲವರಿಗೆ ಹೆಚ್ಚು ಅವಕಾಶ. ಅಮೃತಸರದ ಗುರುನಾನಕ್ ದೇವ್ ವಿಶ್ವವಿದ್ಯಾಲಯ, ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯ, ಪಟಿಯಾಲಾದ ಪಂಜಾಬಿ ವಿಶ್ವವಿದ್ಯಾಲಯಗಳ ಹೆಸರು ಈ ಟ್ರೋಫಿಯ ಪಟ್ಟಿಯಲ್ಲಿ ಮತ್ತೆ ಮತ್ತೆ ಬರುತ್ತದೆ. ಅವರ ಬೆನ್ನಿಗೆ ಆಟದ ಹಳೆಯ ಪರಂಪರೆಯಿದೆ, ಪಟಿಯಾಲಾದಲ್ಲಿ 1961ರಿಂದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಿದೆ. ಅವರನ್ನು ನೋಡಿ ಒಂದು ಸಣ್ಣ ವಿಶ್ವವಿದ್ಯಾಲಯ ತಾನೂ ಎಲ್ಲ ಆಟಗಳಲ್ಲಿ ತಂಡ ಕಟ್ಟಲು ಹೊರಟರೆ ಏನಾದೀತು?

ಒಂದು ಊಹೆಯ ಲೆಕ್ಕ ಮಾಡೋಣ. ಒಂದು ವಿಶ್ವವಿದ್ಯಾಲಯದ ಬಳಿ ವರ್ಷಕ್ಕೆ 10 ಲಕ್ಷ ರೂಪಾಯಿ ಇದೆ, ಆಡಿಸಬೇಕಾದ ಆಟಗಳು 20 ಎಂದಿಟ್ಟುಕೊಳ್ಳಿ. ಸಮನಾಗಿ ಹಂಚಿದರೆ ಒಂದು ಆಟಕ್ಕೆ 50 ಸಾವಿರ. ಕಬಡ್ಡಿ ತಂಡವೆಂದರೆ ಕಣದಲ್ಲಿ ಆಡುವ 7 ಜನ, ಬದಲಿ ಆಟಗಾರರು 5 ಜನ, ಜೊತೆಗೆ ತರಬೇತುದಾರ ಮತ್ತು ವ್ಯವಸ್ಥಾಪಕ, ಒಟ್ಟು 14. ಇವರು ದೂರದ ರಾಜ್ಯಕ್ಕೆ ರೈಲಿನಲ್ಲಿ ಹೋಗಿ ಬಂದು, ನಾಲ್ಕಾರು ದಿನ ಉಂಡು, ಒಂದೊಂದು ಟ್ರ್ಯಾಕ್ ಸೂಟು ತೆಗೆದುಕೊಳ್ಳುವಷ್ಟರಲ್ಲಿ ಆ ಹಣ ಮುಗಿದಿರುತ್ತದೆ. ಅಭ್ಯಾಸ ಶಿಬಿರಕ್ಕೆ ಉಳಿಯುವುದು ಶೂನ್ಯ. ತಂಡ ಮೊದಲ ಸುತ್ತಿನಲ್ಲಿ ಸೋತು ಮರಳುತ್ತದೆ. 20 ಆಟಗಳಲ್ಲಿ 20 ಪ್ರಯಾಣ. ಕಲಿಕೆ ಮಾತ್ರ ಎಲ್ಲಿಯೂ ಇಲ್ಲ. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂಬ ಗಾದೆ ಇಂಥ ಹಂಚಿಕೆಗೇ ಹೇಳಿ ಮಾಡಿಸಿದಂತಿದೆ. ಸಮನಾದ ಹಂಚಿಕೆ ನೋಡಲು ನ್ಯಾಯವಾಗಿ ಕಾಣುತ್ತದೆ. ಆದರೆ ಯಾರಿಗೂ ಸಾಕಾಗದಷ್ಟು ಕೊಡುವುದು ನ್ಯಾಯವೇ ಎಂದು ಕೇಳಬೇಕಾಗುತ್ತದೆ.

ಹಾಗಾದರೆ ಎಲ್ಲ ಹಣವನ್ನೂ ಒಂದೇ ಕಡೆ ಸುರಿದರೆ? ಅದರ ಇತಿಹಾಸವೂ ನಮ್ಮ ಜಿಲ್ಲೆಯಲ್ಲಿಯೇ ಇದೆ.

ಸಿದ್ದಿ ಯುವಜನರ ಆರು ವರ್ಷ

ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾ, ಶಿರಸಿ ತಾಲ್ಲೂಕುಗಳಲ್ಲಿ ಸಿದ್ದಿ ಜನಾಂಗದವರು ವಾಸವಾಗಿದ್ದಾರೆ. ಮಂಚಿಕೇರಿಯ ಸುತ್ತಲಿನ ಕೇರಿಗಳಲ್ಲಿಯೂ ಅವರಿದ್ದಾರೆ. ಶತಮಾನಗಳ ಹಿಂದೆ ಪೋರ್ಚುಗೀಸರು ಮತ್ತು ಅರಬ್ ವ್ಯಾಪಾರಿಗಳು ಆಫ್ರಿಕಾದ ಪೂರ್ವ ಭಾಗದಿಂದ ತಂದ ಜನರ ಸಂತತಿ ಇವರು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮಗಳನ್ನು ಅನುಸರಿಸುವವರು ಇವರಲ್ಲಿದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು.

1984ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸ್ಥಾಪನೆಯಾಯಿತು. ಗುಡ್ಡಗಾಡು, ಕಾಡು, ಕರಾವಳಿಗಳ ಜನರಲ್ಲಿ ಅಡಗಿರುವ ಪ್ರತಿಭೆಯನ್ನು ಹುಡುಕಲು ಅದು ವಿಶೇಷ ಪ್ರದೇಶ ಕ್ರೀಡಾ ಯೋಜನೆಯನ್ನು ಹಮ್ಮಿಕೊಂಡಿತು. ರಾಜಸ್ಥಾನದ ಬುಡಕಟ್ಟಿನ ಬಿಲ್ಲುಗಾರ ಲಿಂಬಾ ರಾಮ್ ಬೆಳಕಿಗೆ ಬಂದದ್ದು ಈ ಯೋಜನೆಯಿಂದ. ಆಗ ಕೇಂದ್ರದಲ್ಲಿ ಯುವಜನ ಮತ್ತು ಕ್ರೀಡಾ ಖಾತೆಯ ರಾಜ್ಯ ಸಚಿವೆಯಾಗಿದ್ದವರು ಕರ್ನಾಟಕದವರೇ ಆದ ಮಾರ್ಗರೇಟ್ ಆಳ್ವ. 1987ರಲ್ಲಿ ಈ ಯೋಜನೆ ಉತ್ತರ ಕನ್ನಡದ ಸಿದ್ದಿ ಹಳ್ಳಿಗಳಿಗೆ ಬಂತು. ಓಡಬಲ್ಲ, ನೆಗೆಯಬಲ್ಲ ಹುಡುಗ ಹುಡುಗಿಯರನ್ನು ಆರಿಸಿ ಬೆಂಗಳೂರು ಮೊದಲಾದ ಕಡೆ ತರಬೇತಿ ಕೇಂದ್ರಗಳಿಗೆ ಕರೆದೊಯ್ದರು. ಊಟ, ವಸತಿ, ಶಾಲೆ, ತರಬೇತಿ ಎಲ್ಲವೂ ಅಲ್ಲಿಯೇ. ಕಾಡಿನ ಅಂಚಿನ ಕೇರಿಯಿಂದ ಹೊರಟ ಮಕ್ಕಳು ಕೆಲವೇ ವರ್ಷಗಳಲ್ಲಿ ರಾಷ್ಟ್ರಮಟ್ಟದ ಕೂಟಗಳಲ್ಲಿ ನಿಂತರು. ಅವರಲ್ಲಿ ಕಮಲಾ ಸಿದ್ದಿ ಹರ್ಡಲ್ಸ್ ಮತ್ತು ಹೆಪ್ಟಾಥ್ಲಾನ್‌ಗಳಲ್ಲಿ ಹೆಸರಾದವರು. 1993ರಲ್ಲಿ ಢಾಕಾದಲ್ಲಿ ನಡೆದ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಅವರು ಭಾರತಕ್ಕಾಗಿ ಪದಕ ಗಳಿಸಿದರು.

ಅದೇ 1993ರಲ್ಲಿ ಸಿದ್ದಿಗಳಿಗಾಗಿ ನಡೆಯುತ್ತಿದ್ದ ಈ ಕಾರ್ಯಕ್ರಮ ನಿಂತುಹೋಯಿತು. ಕ್ರೀಡೆಯ ಮೂಲಕ ರೈಲ್ವೆ ಮೊದಲಾದ ಇಲಾಖೆಗಳಲ್ಲಿ ನೌಕರಿ ಸಿಕ್ಕವರು ಅದೃಷ್ಟವಂತರು. ಉಳಿದವರು ಅರ್ಧ ಕಲಿತ ಆಟದೊಡನೆ ಊರಿಗೆ ಮರಳಿದರು. ಗದ್ದೆ, ತೋಟ, ಕೂಲಿ ಕೆಲಸಗಳಿಗೆ ಹೋದರು. ಅವರ ವಯಸ್ಸನ್ನು ಯೋಚಿಸಿ ನೋಡಿ. 12 ವರ್ಷಕ್ಕೆ ಆಯ್ಕೆಯಾದ ಮಗುವಿಗೆ ಯೋಜನೆ ನಿಂತಾಗ 18. ಓಟಗಾರರ ಶಕ್ತಿ ಪೂರ್ಣವಾಗಿ ಅರಳುವುದು ಇಪ್ಪತ್ತು ದಾಟಿದ ಮೇಲೆ. ಗಿಡ ಹೂ ಬಿಡುವ ಮೊದಲೇ ನೀರು ನಿಲ್ಲಿಸಿದಂತಾಯಿತು.

ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಈ ಯೋಜನೆಯ ಹಿಂದೆ ಆಫ್ರಿಕಾ ಮೂಲದವರು ಹುಟ್ಟಿನಿಂದಲೇ ಓಟಗಾರರು ಎಂಬ ನಂಬಿಕೆಯಿತ್ತು. ಈ ನಂಬಿಕೆ ಎರಡು ಕಡೆಯಿಂದ ತಪ್ಪು ದಾರಿ ಹಿಡಿಸುತ್ತದೆ. ಗೆದ್ದರೆ ರಕ್ತದ ಗುಣ ಎನ್ನುತ್ತೇವೆ, ಆ ಹುಡುಗಿಯ ಬೆವರಿಗೆ ಬೆಲೆ ಇಲ್ಲದಂತಾಗುತ್ತದೆ. ಗೆಲ್ಲದಿದ್ದರೆ ಇವರಲ್ಲಿ ಏನೂ ಇರಲಿಲ್ಲ ಎಂದು ಕೈಬಿಡುತ್ತೇವೆ, ತರಬೇತಿಯ ಕೊರತೆ ಮರೆತೇ ಹೋಗುತ್ತದೆ. ಒಳ್ಳೆಯ ಓಟಗಾರರನ್ನು ತಯಾರಿಸಲು ದೇಹದ ಗುಣದ ಜೊತೆಗೆ ಆಹಾರ, ಶಿಕ್ಷಕ, ಮೈದಾನ, ಸ್ಪರ್ಧೆ, ಎಲ್ಲಕ್ಕಿಂತ ಹೆಚ್ಚಾಗಿ ವರ್ಷಗಳು ಬೇಕು. ಆರು ವರ್ಷಗಳ ಹಣ ವ್ಯರ್ಥವಾಯಿತೆಂದು ನಾನು ಹೇಳುವುದಿಲ್ಲ. ಪದಕಗಳು ಬಂದಿವೆ, ಕೆಲವು ಮನೆಗಳಿಗೆ ಸಂಬಳ ಬಂದಿದೆ. ಆದರೆ ಅದು ಪರಂಪರೆಯಾಗಲಿಲ್ಲ.

ಇದಕ್ಕೆ ಹೋಲಿಸಿ ನೋಡಲು ಮಂಚಿಕೇರಿಯಲ್ಲಿಯೇ ಇನ್ನೊಂದು ಉದಾಹರಣೆಯಿದೆ. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ ಸಂಸ್ಥೆ ಈ ಭಾಗದ ಸಿದ್ದಿ ಯುವಜನರನ್ನು ಕಟ್ಟಿಕೊಂಡು ರಂಗಪ್ರಯೋಗ ನಡೆಸಿತು. ಆಫ್ರಿಕಾದ ಕಾದಂಬರಿಕಾರ ಚಿನುವ ಅಚಿಬೆಯ ಕೃತಿಯನ್ನು ಆಧರಿಸಿದ ನಾಟಕವನ್ನು ಚಿದಂಬರರಾವ್ ಜಂಬೆ ಅವರು ನಿರ್ದೇಶಿಸಿದರು. ಹಣದ ದೃಷ್ಟಿಯಿಂದ ಕ್ರೀಡಾ ಯೋಜನೆಯ ಮುಂದೆ ಇದು ತೀರ ಚಿಕ್ಕದು. ಆದರೆ ಇಲ್ಲಿ ಕಲಿಸುವವರು ಊರಿಗೆ ಬಂದರು. ಕಲಿಯುವವರು ಊರಿನಲ್ಲಿಯೇ ಕಲಿತರು. ಮುಂದೆ ಸಿದ್ದಿ ಸಮುದಾಯದಿಂದ ಹಲವರು ರಂಗಭೂಮಿಗೂ ಚಲನಚಿತ್ರಕ್ಕೂ ಬಂದರು. ಕಲಿಕೆ ಒಬ್ಬರಿಂದ ಒಬ್ಬರಿಗೆ ದಾಟಲು ಅದು ಊರಿನಲ್ಲಿ ಬೇರು ಬಿಡಬೇಕು ಎಂಬುದಕ್ಕೆ ಇದು ಸಾಕ್ಷಿ.

ಹೊರ ಜಗತ್ತಿನಿಂದ ಎರಡು ನೋಟ

ಸಣ್ಣ ಗಂಟಿನಿಂದ ದೊಡ್ಡ ಫಲ ಪಡೆದ ದೇಶವೆಂದರೆ ಜಮೈಕಾ. ಅಲ್ಲಿನ ಜನಸಂಖ್ಯೆ 30 ಲಕ್ಷವನ್ನೂ ದಾಟುವುದಿಲ್ಲ. 1910ರಿಂದ ಅಲ್ಲಿ ಪ್ರೌಢಶಾಲೆಗಳ ಅಥ್ಲೆಟಿಕ್ಸ್ ಕೂಟ ನಡೆಯುತ್ತ ಬಂದಿದೆ. ಜನರು ಅದನ್ನು ಪ್ರೀತಿಯಿಂದ 'ಚಾಂಪ್ಸ್' ಎನ್ನುತ್ತಾರೆ. 1980ರಲ್ಲಿ ಕ್ಯೂಬಾ ದೇಶದ ಕೊಡುಗೆಯಾಗಿ ಅಲ್ಲಿ ಜಿ.ಸಿ. ಫಾಸ್ಟರ್ ದೈಹಿಕ ಶಿಕ್ಷಣ ಕಾಲೇಜು ಆರಂಭವಾಯಿತು. ಅಲ್ಲಿ ಕಲಿತ ಶಿಕ್ಷಕರು ದೇಶದ ಶಾಲೆಗಳಿಗೆ ಹೋದರು. 1999ರಲ್ಲಿ ಸ್ಟೀಫನ್ ಫ್ರಾನ್ಸಿಸ್ ಮತ್ತು ಅವರ ಗೆಳೆಯರು ಒಂದು ಓಟದ ಸಂಘ ಕಟ್ಟಿದರು. ರಾಜಧಾನಿ ಕಿಂಗ್‌ಸ್ಟನ್ನಿನ ತಾಂತ್ರಿಕ ವಿಶ್ವವಿದ್ಯಾಲಯದ ಹುಲ್ಲಿನ ಮೈದಾನ ಅವರ ಅಭ್ಯಾಸದ ನೆಲೆಯಾಯಿತು. ಸಿಂಥೆಟಿಕ್ ಟ್ರ್ಯಾಕ್ ಅಲ್ಲ, ಹುಲ್ಲು! ಅಲ್ಲಿ ಬೆಳೆದ ಅಸಾಫಾ ಪೊವೆಲ್ 2005ರಲ್ಲಿ 100 ಮೀಟರನ್ನು 9.77 ಸೆಕೆಂಡುಗಳಲ್ಲಿ ಓಡಿ ವಿಶ್ವದಾಖಲೆ ಮಾಡಿದರು. ಶೆಲ್ಲಿ ಆನ್ ಫ್ರೇಸರ್ 2008 ಮತ್ತು 2012ರ ಒಲಿಂಪಿಕ್ಸುಗಳಲ್ಲಿ 100 ಮೀಟರ್ ಚಿನ್ನ ಗೆದ್ದರು. ಜಮೈಕಾ ಎಲ್ಲ ಆಟಗಳಿಗೂ ಸಮನಾಗಿ ಹಂಚಲಿಲ್ಲ, ನಿಜ. ಆದರೆ ಅದು ಆರಿಸಿಕೊಂಡ ಒಂದು ಆಟವನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಬಿಡಲಿಲ್ಲ. ಕಟ್ಟಡಕ್ಕಿಂತ ಮೊದಲು ಶಿಕ್ಷಕನಿಗೆ, ರಾಜಧಾನಿಗಿಂತ ಮೊದಲು ಶಾಲೆಗೆ ಹಣ ಹೋಯಿತು.

ಎರಡನೆಯ ನೋಟ ಅಮೆರಿಕದ್ದು. ಅಲ್ಲಿ 1972ರಲ್ಲಿ ಶಿಕ್ಷಣ ಕಾಯಿದೆಗೆ ಒಂಬತ್ತನೆಯ ಅಧ್ಯಾಯ ಸೇರಿತು. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಯಲ್ಲಿ ಹೆಣ್ಣು ಗಂಡೆಂಬ ಭೇದ ಕೂಡದು ಎಂಬುದು ಅದರ ಸಾರ. ಕಾಯಿದೆಯ ಮೂಲ ವಾಕ್ಯದಲ್ಲಿ ಆಟದ ಮಾತೇ ಇರಲಿಲ್ಲ. ಆದರೆ ಅದರ ಪರಿಣಾಮ ಎದ್ದು ಕಂಡದ್ದು ಮೈದಾನದಲ್ಲಿ. ಆ ಕಾಲಕ್ಕೆ ಪ್ರೌಢಶಾಲೆಗಳಲ್ಲಿ ಆಟವಾಡುವ ಹುಡುಗಿಯರ ಸಂಖ್ಯೆ 3 ಲಕ್ಷಕ್ಕಿಂತ ಕಡಿಮೆ. ಮುಂದೆ ಅದು 30 ಲಕ್ಷವನ್ನು ದಾಟಿತು. ಹುಡುಗಿಯರಿಗೆ ಆಟದಲ್ಲಿ ಆಸಕ್ತಿ ಇಲ್ಲ ಎಂದು ಅಲ್ಲಿಯೂ ಹೇಳುತ್ತಿದ್ದರು. ಹಣ ಮತ್ತು ಅವಕಾಶ ಬಂದ ಮೇಲೆ ಆಸಕ್ತಿ ತಾನಾಗಿ ಕಾಣಿಸಿತು. ಹಾಗೆಂದು ನೋವು ಇರಲಿಲ್ಲವೆಂದಲ್ಲ. ಲೆಕ್ಕ ಸರಿದೂಗಿಸಲು ಕೆಲವು ಕಾಲೇಜುಗಳು ಹುಡುಗರ ಕುಸ್ತಿಯಂಥ ತಂಡಗಳನ್ನೇ ಮುಚ್ಚಿದವು. ಅದೇ ದೇಶದಲ್ಲಿ 1973ರಲ್ಲಿ ಕಾಲೇಜುಗಳ ಕ್ರೀಡಾ ಸಂಘ ತನ್ನ ಸದಸ್ಯರನ್ನು ಮೂರು ವಿಭಾಗಗಳಾಗಿ ವಿಂಗಡಿಸಿತು. ಮೂರನೆಯ ವಿಭಾಗದಲ್ಲಿ ಹೆಚ್ಚಾಗಿ ಸಣ್ಣ ಕಾಲೇಜುಗಳಿವೆ. ಅವು ಕ್ರೀಡೆಗಾಗಿ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಕೆಲವೇ ಆಟಗಾರರನ್ನು ಹಣ ಕೊಟ್ಟು ಕರೆತರುವ ಬದಲು, ಓದಲು ಬಂದವರನ್ನೇ ಆಡಿಸುವುದು ಅವುಗಳ ನೀತಿ.

ನಮ್ಮ ನಾಡಿನ ಅನುಭವ

ಕರ್ನಾಟಕದಲ್ಲಿ ಒಂದು ಆಟವನ್ನು ಆರಿಸಿ, ಬಿಡದೆ ನಡೆಸಿದ ನಿದರ್ಶನ ಮಂಗಳೂರು ವಿಶ್ವವಿದ್ಯಾಲಯದ್ದು. 1980ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯ 2010ರ ದಶಕದಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸಿನಲ್ಲಿ ಹಲವು ಬಾರಿ ಅಗ್ರಸ್ಥಾನ ಪಡೆಯಿತು. ಇದರ ಹಿಂದೆ ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯ ದೊಡ್ಡ ಪಾಲಿದೆ. ಡಾ. ಮೋಹನ ಆಳ್ವ ಅವರು ಕ್ರೀಡಾ ಪ್ರತಿಭೆಗಳನ್ನು ದತ್ತು ಪಡೆದು ಉಚಿತ ಶಿಕ್ಷಣ, ಊಟ, ವಸತಿ ಕೊಡುವ ಪದ್ಧತಿಯನ್ನು ನಡೆಸಿಕೊಂಡು ಬಂದರು. 2020ರ ಜನವರಿಯಲ್ಲಿ ಅಖಿಲ ಭಾರತ ಕೂಟವೇ ಮೂಡುಬಿದಿರೆಯಲ್ಲಿ ನಡೆಯಿತು. ಇಲ್ಲಿ ಒಂದು ಎಚ್ಚರಿಕೆ ಬೇಕು. ಇದು ವಿಶ್ವವಿದ್ಯಾಲಯದ ಸಣ್ಣ ನಿಧಿಯಿಂದಷ್ಟೇ ಆದದ್ದಲ್ಲ. ಒಂದು ಖಾಸಗಿ ಸಂಸ್ಥೆಯ ಸಂಕಲ್ಪ ಮತ್ತು ಸಂಪತ್ತು ಜೊತೆಗೂಡಿದ್ದರಿಂದ ಆದದ್ದು. ಸರ್ಕಾರಿ ಕಾಲೇಜುಗಳೇ ಹೆಚ್ಚಾಗಿರುವ ಕಡೆ ಇದನ್ನು ಹಾಗೆಯೇ ನಕಲು ಮಾಡಲಾಗದು. ಕಲಿಯಬೇಕಾದದ್ದು ಅದರ ಸಾತತ್ಯವನ್ನು.

ಈಗ ಈ ಪ್ರಶ್ನೆ ನಮಗೆ ಇನ್ನೂ ಹತ್ತಿರ ಬಂದಿದೆ. 2022-23ರ ಅವಧಿಯಲ್ಲಿ ರಾಜ್ಯ ಸರ್ಕಾರ ಹಾವೇರಿ, ಕೊಪ್ಪಳ, ಬಾಗಲಕೋಟೆ, ಬೀದರ, ಹಾಸನ, ಚಾಮರಾಜನಗರ, ಕೊಡಗುಗಳಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಸ್ಥಾಪಿಸಿತು. ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದ ಹಾವೇರಿ ಜಿಲ್ಲೆ ಬೇರೆಯಾಯಿತು. ಹೊಸ ವಿಶ್ವವಿದ್ಯಾಲಯಗಳಿಗೆ ಒದಗಿದ ಹಣ ತೀರ ಕಡಿಮೆ. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯೊಂದು ಇಂಥ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಂದುವರಿಸಬೇಕೇ ಎಂಬುದನ್ನೇ ಪ್ರಶ್ನಿಸಿತು. ಅಧ್ಯಾಪಕರ ಸಂಬಳಕ್ಕೇ ಕಷ್ಟವಿರುವಲ್ಲಿ ಆಟಕ್ಕೆ ಉಳಿಯುವುದೆಷ್ಟು? ಹೀಗೆ ಕೇಳಿ ಸುಮ್ಮನಾಗುವುದು ಸುಲಭ. ಆದರೆ ಉಳಿಯುವುದು ಸ್ವಲ್ಪವೇ ಆದ್ದರಿಂದ ಅದನ್ನು ಹಂಚುವ ಬುದ್ಧಿ ಹೆಚ್ಚು ಬೇಕು.

ಹಂಚುವ ಬಗೆ

ಇತಿಹಾಸದಿಂದ ನಾನು ತಿಳಿದುಕೊಂಡದ್ದು ಇಷ್ಟು: ಒಂದು ಆಟಕ್ಕೆ ಎಷ್ಟು ಕೊಟ್ಟರು ಎಂಬುದಕ್ಕಿಂತ ಎಷ್ಟು ವರ್ಷ ಬಿಡದೆ ಕೊಟ್ಟರು ಎಂಬುದು ಮುಖ್ಯ. ಮಂಚಿಕೇರಿಯ ಯಾವ ತೋಟಿಗರನ್ನು ಬೇಕಾದರೂ ಕೇಳಿ, ಅವರು ಇದನ್ನು ಒಪ್ಪುತ್ತಾರೆ. ಅಡಕೆ ಸಸಿ ನೆಟ್ಟವರು ಫಲಕ್ಕಾಗಿ ಐದಾರು ವರ್ಷ ಕಾಯಬೇಕು. ಮೂರು ವರ್ಷ ನೀರು ಹಾಕಿ ನಾಲ್ಕನೆಯ ವರ್ಷ ಬಿಟ್ಟವರಿಗೆ ಹಾಕಿದ ನೀರೂ ನಷ್ಟ.

ಮತ್ತೆ ನಮ್ಮ ಊಹೆಯ 10 ಲಕ್ಷಕ್ಕೆ ಬರೋಣ. ಅದರಲ್ಲಿ ಅರ್ಧ, ಅಂದರೆ 5 ಲಕ್ಷ, ಯಾವ ಆಟದ ಹೆಸರಿಗೂ ಸೇರದೆ ಎಲ್ಲರಿಗಾಗಿ ಇರಲಿ. ಶುಲ್ಕ ಎಲ್ಲರೂ ಕಟ್ಟಿದ್ದಾರಲ್ಲವೇ? ಮೈದಾನ ಸರಿಪಡಿಸಲು, ಮಳೆಗಾಲದಲ್ಲಿ ಅಭ್ಯಾಸಕ್ಕೆ ಒಂದು ಮಾಡು ಹೊಂದಿಸಲು, ಬೆಳಗಿನ ಉಪಾಹಾರಕ್ಕೆ, ಸಂಜೆ ತಡವಾಗಿ ಮನೆಗೆ ಹೋಗುವವರ ಪ್ರಯಾಣಕ್ಕೆ ಈ ಹಣ. ಮಂಚಿಕೇರಿಯ ಹುಡುಗಿಯ ಬಸ್ಸಿನ ಸಮಸ್ಯೆ ಪರಿಹಾರವಾಗಬೇಕಾದದ್ದು ಇಲ್ಲಿ. ಇನ್ನು 4 ಲಕ್ಷ, ಆ ಪ್ರದೇಶಕ್ಕೆ ಹೊಂದುವ ಎರಡು ಮೂರು ಆಟಗಳಿಗೆ. ಊರಿನ ಶಾಲೆಗಳಲ್ಲಿ ಈಗಾಗಲೇ ಆಡುತ್ತಿರುವ ಆಟ, ಕಡಿಮೆ ಸಲಕರಣೆಯಲ್ಲಿ ಹೆಚ್ಚು ಜನ ಆಡಬಹುದಾದ ಆಟ, ಹುಡುಗ ಹುಡುಗಿಯರಿಬ್ಬರಿಗೂ ತಂಡವಿರುವ ಆಟವನ್ನು ಆರಿಸಬೇಕು. ಖೋ ಖೋ ಆಟಕ್ಕೆ ಎರಡು ಕಂಬ ಮತ್ತು ಸಮತಟ್ಟಾದ ನೆಲ ಸಾಕು. ವಾಲಿಬಾಲಿಗೆ ಒಂದು ಬಲೆ, ಒಂದು ಚೆಂಡು. ಓಟಕ್ಕೆ ಸುಣ್ಣದ ಗೆರೆ. ಹಲವು ಕೋಟಿ ಬೇಡುವ ಸಿಂಥೆಟಿಕ್ ಟ್ರ್ಯಾಕ್ ಹಾಸಿದರೂ ಹತ್ತು ವರ್ಷದೊಳಗೆ ಅದರ ಮೇಲ್ಪದರಕ್ಕೆ ಮತ್ತೆ ಹಣ ಹೊಂದಿಸಬೇಕಾಗುತ್ತದೆ. ಉಳಿದ 1 ಲಕ್ಷ ಆರಿಸದೆ ಬಿಟ್ಟ ಆಟಗಳಲ್ಲಿ ತಾನಾಗಿ ಎದ್ದು ನಿಲ್ಲುವ ಒಬ್ಬಿಬ್ಬರಿಗೆ. ಎಲ್ಲೋ ಒಬ್ಬ ಈಜುಗಾರ, ಎಲ್ಲೋ ಒಬ್ಬ ಚದುರಂಗದ ಆಟಗಾರ್ತಿ. ಅವರ ದಾರಿ ಮುಚ್ಚಬಾರದು. ಮೂರೂ ಪಾಲಿನಲ್ಲಿ ಹುಡುಗಿಯರ ಭಾಗ ಅರ್ಧಕ್ಕೆ ಕಡಿಮೆಯಾಗಬಾರದು.

ಆರಿಸದ ಆಟದವರು ನಮಗೆ ಅನ್ಯಾಯವಾಯಿತು ಎಂದು ಕೇಳಬಹುದು. ಅವರ ಮಾತಿನಲ್ಲಿ ಸತ್ಯವಿದೆ. ಕ್ರಿಕೆಟ್ಟಿನಲ್ಲಿ ಮನಸ್ಸಿಟ್ಟ ಹುಡುಗನಿಗೆ ಖೋ ಖೋ ಕಂಬ ತೋರಿಸಿದರೆ ಸಮಾಧಾನವಾದೀತೇ? ಆದ್ದರಿಂದ ಆಯ್ಕೆ ಗುಟ್ಟಾಗಿ ಆಗಬಾರದು. ಯಾವ ಆಟಕ್ಕೆ ಎಷ್ಟು, ಏಕೆ, ಎಷ್ಟು ವರ್ಷ ಎಂಬುದನ್ನು ಪ್ರತಿ ವರ್ಷ ಕಾಲೇಜಿನ ಸೂಚನಾ ಫಲಕದಲ್ಲಿ ಹಾಕಬೇಕು. ವಿದ್ಯಾರ್ಥಿಗಳ ಪ್ರತಿನಿಧಿಗಳು, ದೈಹಿಕ ಶಿಕ್ಷಣ ನಿರ್ದೇಶಕರು ಕೂಡಿ ಕುಳಿತು ನಿರ್ಧರಿಸಬೇಕು. ಇನ್ನೂ ಒಂದು ನಿಯಮ ಬೇಕು: ಆರಿಸಿದ ಆಟವನ್ನು ಮುಂದೆ ಕೈಬಿಡಬೇಕಾಗಿ ಬಂದರೆ, ಆಗಲೇ ಆ ತಂಡದಲ್ಲಿರುವವರ ಪದವಿ ಮುಗಿಯುವವರೆಗೆ ಅವರ ಪಾಲು ನಿಲ್ಲಕೂಡದು. 1993ರಲ್ಲಿ ಇಂಥ ಒಂದು ನಿಯಮ ಇದ್ದಿದ್ದರೆ ಅರ್ಧದಾರಿಯಿಂದ ಮರಳಿದ ಎಷ್ಟೋ ಸಿದ್ದಿ ಯುವಜನರ ಕಥೆ ಬೇರೆಯಾಗುತ್ತಿತ್ತು. ದೇಶವೂ ಈ ಪಾಠವನ್ನು ತಡವಾಗಿಯಾದರೂ ಕಲಿತಂತಿದೆ. 2017ರಲ್ಲಿ ರೂಪುಗೊಂಡ ಖೇಲೋ ಇಂಡಿಯಾ ಯೋಜನೆಯಲ್ಲಿ ಆಯ್ದ ಕ್ರೀಡಾಪಟುಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಯಂತೆ 8 ವರ್ಷ ನೆರವು ನೀಡುವ ಉದ್ದೇಶವನ್ನು ಮೊದಲೇ ಹೇಳಲಾಯಿತು. ಮೊತ್ತಕ್ಕಿಂತ ಆ 8 ಎಂಬ ಅಂಕಿ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಮುಂಡಗೋಡ, ಹಳಿಯಾಳದ ಕಡೆ ಸಿದ್ದಿ ಮಕ್ಕಳಿಗೆ ಊರಿನ ಹತ್ತಿರವೇ ಓಟದ ತರಬೇತಿ ಕೊಡುವ ಪ್ರಯತ್ನಗಳು ಮತ್ತೆ ಆರಂಭವಾಗಿವೆ. ಆರಂಭಶೂರತನ ನಮಗೆ ಹೊಸದಲ್ಲ. ಈ ಸಲ ಅದು ಆರನೆಯ ವರ್ಷವನ್ನು ದಾಟಿ, ಹದಿನಾರನೆಯ ವರ್ಷಕ್ಕೂ ಹೋಗಲಿ ಎಂದು ಹಾರೈಸೋಣ. ಆ ಮಕ್ಕಳು ಪದವಿ ಕಾಲೇಜಿಗೆ ಬಂದಾಗ ಅಲ್ಲಿ ಅವರಿಗಾಗಿ ಏನು ಕಾದಿರುತ್ತದೆ ಎಂಬುದು ವಿಶ್ವವಿದ್ಯಾಲಯಗಳು ಉತ್ತರಿಸಬೇಕಾದ ಪ್ರಶ್ನೆ.

ವಿದ್ಯಾರ್ಥಿಗಳು ಯೋಚಿಸಬೇಕಾದ ವಿಷಯಗಳು

1. ನಿಮ್ಮ ಕಾಲೇಜಿನಲ್ಲಿ ವರ್ಷಕ್ಕೆ ಎಷ್ಟು ಕ್ರೀಡಾ ಶುಲ್ಕ ಕೂಡುತ್ತದೆ? ಅದು ಯಾವ ಯಾವ ಬಾಬಿಗೆ ಖರ್ಚಾಗುತ್ತದೆ? ಪ್ರಾಂಶುಪಾಲರ ಅನುಮತಿ ಪಡೆದು ಒಂದು ಪಟ್ಟಿ ತಯಾರಿಸಿ.

2. ನಿಮ್ಮ ತರಗತಿಯಲ್ಲಿ ಆಡುವ ಆಸೆಯಿದ್ದೂ ಆಡಲಾಗದವರು ಎಷ್ಟು ಜನ? ಅವರಿಗೆ ಅಡ್ಡಿಯಾಗಿರುವುದು ಸಲಕರಣೆಯೇ, ಸಮಯವೇ, ಬಸ್ಸೇ, ಮನೆಯವರ ಅನುಮತಿಯೇ?

3. ನಿಮ್ಮ ಊರಿನಲ್ಲಿ ಹಿಂದೆ ಇದ್ದು ಈಗ ಇಲ್ಲವಾದ ಒಂದು ತಂಡವನ್ನು ಗುರುತಿಸಿ. ಹಿರಿಯರನ್ನು ಕೇಳಿ, ಅದು ಯಾವ ವರ್ಷ, ಏಕೆ ನಿಂತಿತು ಎಂಬುದನ್ನು ಬರೆದಿಡಿ. ಇತಿಹಾಸ ಬರೆಯುವ ಕೆಲಸ ಹೀಗೆಯೇ ಆರಂಭವಾಗುತ್ತದೆ.